ಸ್ಪಾಗೆಟ್ಟಿಯನ್ನು ಬೈಯುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಸ್ಪಾಗೆಟ್ಟಿ ಮೇಲೆ ಹರಿಹಾಯ್ದಿದ್ದರು. ಮಕ್ಕಳು ರೊಟ್ಟಿ, ಅನ್ನ ಬಿಟ್ಟು ಅದನ್ನೇ ಕೇಳುತ್ತಾರಂತೆ. ಹೋಟೆಲಿನ ಚಾಳಿ ಮನೆಯೊಳಗೆ ಬಂದು, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಪದ್ಧತಿಯೇ ಹಾಳಾಯಿತಂತೆ. ಅದಕ್ಕೂ ಹಿಂದಿನ ಭಾನುವಾರ ನಿಮ್ಮ ಪುರವಣಿಯಲ್ಲೇ ಸ್ಪಾಗೆಟ್ಟಿ ಮಾಡುವ ವಿಧಾನ ಬಂದಿತ್ತು. ಅದನ್ನು ಓದಿಯೇ ಅವರಿಗೆ ಸಿಟ್ಟು ಬಂದಿರಬೇಕು. ನನಗೂ ಸಿಟ್ಟು ಬಂತು, ಆದರೆ ಬೇರೆ ಕಾರಣಕ್ಕೆ. ಆ ವಿಧಾನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಧಾರವಾಡದವಳು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಅಡುಗೆಯಲ್ಲಿ ಪಂಡಿತೆಯೇನಲ್ಲ. ಆದರೆ ಮಗಳ ಎರಡನೇ ಹೆರಿಗೆಗೆ ಅಂತ ಇಟಲಿಯ ಟೂರಿನ್ ಊರಿಗೆ ಹೋಗಿ, ವೀಸಾ ಕೊಟ್ಟ 90 ದಿನವೂ ಅಲ್ಲೇ ಇದ್ದು ಬಾಣಂತನ ಮುಗಿಸಿ ಬಂದೆ. ಬಾಣಂತಿಗೆ ಒಂದು ಅಡುಗೆ, ಅಳಿಯನಿಗೆ ಒಂದು, ಐದು ವರ್ಷದ ಹಿರೇ ಮೊಮ್ಮಗನಿಗೆ ಇನ್ನೊಂದು. ಆ ಪುಣ್ಯಾತ್ಮ ಸ್ಪಾಗೆಟ್ಟಿ ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಪತ್ರ ಬರೆದವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಮೊದಲ ವಾರ ನಾನೂ ಅವರ ಹಾಗೇ ಗೊಣಗಿದ್ದೇನೆ. ದಾರದುಂಡೆ ಬೇಯಿಸಿ ಇಟ್ಟ ಹಾಗಿದೆ, ಇದೂ ಒಂದು ಊಟವೇ ಅಂತ ಮಗಳ ಮುಂದೆ ಅಂದೆ. ಅವಳು ನಕ್ಕಳು. ಇಟಲಿಯವರ ಭಾಷೆಯಲ್ಲಿ 'ಸ್ಪಾಗೋ' ಅಂದರೆ ದಾರವೇ ಅಂತೆ, ಸ್ಪಾಗೆಟ್ಟಿ ಅಂದರೆ ಸಣ್ಣ ದಾರಗಳು. ನನ್ನ ಬೈಗುಳ ಅದರ ಹೆಸರೇ ಆಗಿತ್ತು!

ಮಗಳ ಮನೆ ಮಿರಾಫಿಯೋರಿ ಎಂಬ ಕಡೆ ಇದೆ. ಫಿಯಟ್ ಕಾರಿನ ದೊಡ್ಡ ಕಾರ್ಖಾನೆ ಅಲ್ಲಿ 1939ರಲ್ಲಿ ಶುರುವಾಯಿತು. ಮುಂದೆ 1950, 60ರ ದಶಕಗಳಲ್ಲಿ ಇಟಲಿಯ ದಕ್ಷಿಣದ ಬಡ ಊರುಗಳಿಂದ ಜನ ರೈಲು ಹತ್ತಿ ಕೆಲಸ ಹುಡುಕಿಕೊಂಡು ಟೂರಿನ್‌ಗೆ ಬಂದರು. ಕೆಳಗಿನ ಮನೆಯ ಅಜ್ಜಿ ಹಾಗೆ ಗಂಡನ ಹಿಂದೆ ಬಂದವರು. ಎಂಬತ್ತು ದಾಟಿದೆ. ತವರು ನೇಪಲ್ಸ್ ಹತ್ತಿರದ ತೊರ್ರೆ ಆನ್ನುನ್ಸಿಯಾತಾ. ಒಂದು ಕಾಲದಲ್ಲಿ ಪಾಸ್ತಾ (ಸ್ಪಾಗೆಟ್ಟಿ ಅದರಲ್ಲೊಂದು ಬಗೆ) ಮಾಡುವ ಗಿರಣಿಗಳಿಗೇ ಹೆಸರಾದ ಊರು ಅದು. ಮೊಮ್ಮಗ ಅವರನ್ನು 'ನೋನ್ನಾ' ಎನ್ನುತ್ತಿದ್ದ, ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ನನಗೆ ಇಟಾಲಿಯನ್ ಬಾರದು, ಅವರಿಗೆ ಕನ್ನಡ ಬಾರದು, ನಡುವೆ ಐದು ವರ್ಷದ ದುಭಾಷಿ.

ಅವರ ಅಡುಗೆಮನೆ ಕಿಟಕಿ, ನಮ್ಮ ಅಡುಗೆಮನೆ ಕಿಟಕಿ ಎರಡೂ ಕಟ್ಟಡದ ಒಳಗಿನ ಅಂಗಳಕ್ಕೆ ತೆರೆಯುತ್ತವೆ. ದಿನಾ ಮಧ್ಯಾಹ್ನ ಎರಡರ ಸುಮಾರಿಗೆ ಅಲ್ಲಿ ಫೋನ್ ಗುಂಯ್‌ಗುಟ್ಟುತ್ತಿತ್ತು. ಅಜ್ಜಿ ಒಂದೇ ಮಾತು ಆಡಿ ಇಡುತ್ತಿದ್ದರು. ಮರುಕ್ಷಣ ಪಾತ್ರೆಯ ಮುಚ್ಚಳ ತೆಗೆದ ಸದ್ದು. ದಿನಾ ಅದೇ. ಒಂದು ದಿನ ನಾನು ಅಲ್ಲೇ ಕೂತಿದ್ದಾಗಲೇ ಫೋನ್ ಬಂತು. ಹದಿನೈದು ವರ್ಷದ ಅವರ ಮೊಮ್ಮಗ ಶಾಲೆ ಬಿಟ್ಟು 4ನೇ ನಂಬರ್ ಟ್ರಾಮಿನಲ್ಲಿ ಬರುತ್ತಿದ್ದ. ಇಳಿಯುವ ಸ್ಟಾಪು ಹತ್ತಿರ ಬಂದ ಕೂಡಲೇ ಅಜ್ಜಿಗೆ ಫೋನ್: 'ನೋನ್ನಾ, ಬುತ್ತಾ ಲಾ ಪಾಸ್ತಾ!' ಅಜ್ಜೀ, ಪಾಸ್ತಾ ಹಾಕು. ಇಷ್ಟೇ. ಎಲ್ಲಿದ್ದೀಯಾ, ಹಸಿವಾಯಿತಾ, ಏನು ಅಡುಗೆ, ಯಾವ ಮಾತೂ ಇಲ್ಲ. ಆ ಮೂರು ಪದದಲ್ಲಿ ಎಲ್ಲವೂ ಬಂತು. ಇದು ಆ ಹುಡುಗ ಕಟ್ಟಿದ ಮಾತಲ್ಲ. ಇಟಲಿಯ ಮನೆಮನೆಯಲ್ಲೂ ಗಂಡ ಹೆಂಡತಿಗೆ, ಮಗಳು ಅಪ್ಪನಿಗೆ ದಾರಿಯಿಂದ ಫೋನ್ ಮಾಡಿ ಹೇಳುವ ಮಾತು ಅಂತ ಅಳಿಯ ಹೇಳಿದರು. ನಾವು 'ಕುಕ್ಕರ್ ಇಡು' ಅನ್ನುವುದಿಲ್ವಾ, ಹಾಗೆ ಅನ್ನಿ.

ಆದರೆ ಹಾಗೆ ಅಲ್ಲವೇ ಅಲ್ಲ ಅಂತ ಗೊತ್ತಾಗಲು ನನಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು.

ನೀರು ಮೊದಲೇ ಕುದಿಯುತ್ತಿರುತ್ತದೆ. ಒಬ್ಬರಿಗೆ 100 ಗ್ರಾಂ ಸ್ಪಾಗೆಟ್ಟಿ, ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಇದು ಅಲ್ಲಿ ಮಗ್ಗಿ ಇದ್ದ ಹಾಗೆ. ಅಜ್ಜಿ ತೂಕ ಮಾಡುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ಅದರೊಳಗೆ ಹಿಡಿಯುವಷ್ಟು ತೆಗೆಯುತ್ತಿದ್ದರು. ಕಲ್ಲುಪ್ಪು ಒಂದು ಹಿಡಿ ಹಾಕಿದರೆ ನೀರು ಒಮ್ಮೆ ಭುಸ್ ಅಂತ ಉಕ್ಕುತ್ತದೆ. ಆಮೇಲೆ ಸ್ಪಾಗೆಟ್ಟಿ ಹಾಕಿ ಕೈ ತಿರುಗಿಸಿ ಬಿಟ್ಟರೆ ಸೇವಂತಿಗೆ ಹೂವಿನ ಹಾಗೆ ಪಾತ್ರೆಯ ಸುತ್ತ ಅರಳಿ ನಿಲ್ಲುತ್ತದೆ. ಅರ್ಧ ನಿಮಿಷಕ್ಕೆ ಬುಡ ಮೆತ್ತಗಾಗಿ ತಾನೇ ಒಳಗೆ ಜಾರುತ್ತದೆ. ಪೊಟ್ಟಣದ ಮೇಲೆ 9 ನಿಮಿಷ ಅಂತಿದ್ದರೆ ಅವರು ಎಂಟಕ್ಕೇ ತೆಗೆದು, ಉಳಿದ ಒಂದು ನಿಮಿಷ ಟೊಮೆಟೊ ಬಾಣಲೆಯಲ್ಲೇ ಬೇಯಿಸುತ್ತಿದ್ದರು. ಟ್ರಾಮ್ ಸ್ಟಾಪಿನಿಂದ ಮನೆಗೆ, ಮೆಟ್ಟಿಲು ಸೇರಿ, ಆ ಹುಡುಗನಿಗೆ ಬೇಕಾಗುತ್ತಿದ್ದದ್ದೂ ಅಷ್ಟೇ ಹೊತ್ತು. ಅವನು ಚೀಲ ಕೆಳಗಿಟ್ಟು ಕೈ ತೊಳೆಯುವುದಕ್ಕೂ, ತಟ್ಟೆಯಲ್ಲಿ ಹಬೆಯಾಡುವುದಕ್ಕೂ ಸರಿಹೋಗುತ್ತಿತ್ತು.

ತಡವಾದರೆ? ತಡವಾದರೆ ಮುಗಿಯಿತು. ಹತ್ತು ನಿಮಿಷ ಕೂತ ಸ್ಪಾಗೆಟ್ಟಿ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಅಲ್ಲಿಯವರು ಜನ ಬಂದ ಮೇಲೆ, ಇಲ್ಲವೇ ಬಂದೆ ಅಂತ ಫೋನ್ ಬಂದ ಮೇಲೆಯೇ ನೀರಿಗೆ ಹಾಕುತ್ತಾರೆ. ತಿನ್ನುವವರು ಸ್ಪಾಗೆಟ್ಟಿಗೆ ಕಾಯಬಹುದು, ಸ್ಪಾಗೆಟ್ಟಿ ಯಾರಿಗೂ ಕಾಯುವುದಿಲ್ಲ.

ಈಗ ನಮ್ಮ ಮನೆ ಕಡೆ ನೋಡಿ. ನಮ್ಮ ಅಡುಗೆ ಬಹಳ ಒಳ್ಳೆಯ ಸ್ವಭಾವದ್ದು, ಎಷ್ಟು ಹೊತ್ತಾದರೂ ಕಾಯುತ್ತದೆ. ಸಾರು ಕೂತಷ್ಟೂ ರುಚಿ. ಅನ್ನ ಕುಕ್ಕರಿನಲ್ಲಿ ಬೆಚ್ಚಗಿರುತ್ತದೆ. ಕಟಕ ರೊಟ್ಟಿಯಂತೂ ತಿಂಗಳು ಕಾಯುತ್ತದೆ. ಊಟ ಕಾಯುತ್ತದೆ ಅಂತ ಗೊತ್ತಾದ ಮೇಲೆ ಮನೆಯವರು ಒಬ್ಬರಿಗೊಬ್ಬರು ಕಾಯುವುದನ್ನು ಬಿಟ್ಟರು. ನಮ್ಮ ಮನೆಯಲ್ಲಿ ರಾತ್ರಿ ಮೂರು ಜನ ಮೂರು ಹೊತ್ತಿಗೆ ಉಣ್ಣುತ್ತೇವೆ. ಯಜಮಾನರಿಗೆ ಎಂಟಕ್ಕೆ, ನನಗೆ ಧಾರಾವಾಹಿ ಮುಗಿದ ಮೇಲೆ, ಮಗ ಹುಬ್ಬಳ್ಳಿಯಿಂದ ಬಂದು ತಟ್ಟೆ ಮೇಲೆ ಮುಚ್ಚಿದ ತಟ್ಟೆ ತೆಗೆದು ಫೋನ್ ನೋಡುತ್ತಾ ಉಣ್ಣುತ್ತಾನೆ. ಈ ಪದ್ಧತಿ ನಮ್ಮ ಮನೆಗೆ ಬಂದಾಗ ಸ್ಪಾಗೆಟ್ಟಿ ಅನ್ನುವ ಪದವೇ ನಮಗೆ ಗೊತ್ತಿರಲಿಲ್ಲ. ಹಾಗಾಗಿ ಕೂಡಿ ಉಣ್ಣುವುದು ನಿಂತುಹೋದ ತಪ್ಪನ್ನು ಪಾಪ, ಅದರ ತಲೆಗೆ ಕಟ್ಟಬೇಡಿ. ಕೂಡಿ ಉಣ್ಣದಿದ್ದರೆ ಕೆಟ್ಟುಹೋಗುವ ಅಡುಗೆ ನಾನು ಕಂಡ ಮಟ್ಟಿಗೆ ಅದೊಂದೇ. (ನಮ್ಮ ದೋಸೆಯೂ ಕಾಯುವುದಿಲ್ಲ ನಿಜ. ಆದರೆ ದೋಸೆಯಲ್ಲಿ ಮಾಡುವವಳು ಒಲೆ ಮುಂದೆ, ತಿನ್ನುವವರು ಹೊರಗೆ. ಅವಳ ಪಾಲಿನದು ಕೊನೆಗೆ, ಒಬ್ಬಳೇ.) ಸ್ಪಾಗೆಟ್ಟಿ ಒಂದೇ ಪಾತ್ರೆಯಲ್ಲಿ ಒಂದೇ ಸಲ ಎಲ್ಲರಿಗೂ ಆಗುತ್ತದೆ. ಮಾಡಿದವಳೂ ಬಿಸಿಬಿಸಿ ಉಣ್ಣಬಹುದು. ಮೂವತ್ತು ವರ್ಷ ಬ್ಯಾಂಕಿನಿಂದ ಬಂದು ದೋಸೆ ಹುಯ್ದವಳಿಗೆ ಇದು ಸಣ್ಣ ವಿಷಯವಲ್ಲ.

ಪತ್ರದಲ್ಲಿ ಅದನ್ನು 'ಮೈದಾ ತಿಂಡಿ' ಅಂತ ಕರೆದಿದ್ದರು. ಅದೂ ಸರಿಯಲ್ಲ. ಇಟಲಿಯಲ್ಲಿ 1967ರಲ್ಲಿ ಕಾಯ್ದೆ ಮಾಡಿ, ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು ಅಂತ ಗೊತ್ತುಮಾಡಿದ್ದಾರೆ. ಡ್ಯೂರಮ್ ಅಂದರೆ ಏನೋ ವಿದೇಶದ್ದು ಅಂದುಕೊಳ್ಳಬೇಡಿ. ಉಪ್ಪಿಟ್ಟಿಗೆ ಬನ್ಸಿ ರವೆ ತರುತ್ತೀರಲ್ಲ, ಅದು ಇದೇ ಜಾತಿಯ ಗೋಧಿಯದು. ನಮ್ಮ ಧಾರವಾಡ ಸೀಮೆಯ ಹಳೆಯ ಬಿಜಗಾ ಗೋಧಿಯೂ ಇದೇ ಜಾತಿ. ಹಳದಿ ಛಾಯೆ, ಕಲ್ಲಿನ ಹಾಗೆ ಗಟ್ಟಿ ಕಾಳು. ಸ್ಪಾಗೆಟ್ಟಿಯಲ್ಲಿ ಇರುವುದು ಆ ರವೆ, ನೀರು. ಬೇರೇನಿಲ್ಲ. ಮೊಟ್ಟೆಯೂ ಇಲ್ಲ, ಉಪ್ಪೂ ಇಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಅವ್ವನ ಮಾಳಿಗೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಮಣೆಯನ್ನು ಓರೆಯಾಗಿ ಇಟ್ಟು, ಒಬ್ಬಳು ಅದರ ಮೇಲೆ ಕೂತು ಕಣಕ ತೀಡುವುದು, ಕೆಳಗೆ ಇನ್ನೊಬ್ಬಳು ಎಳೆ ಹಿಡಿಯುವುದು, ಮಕ್ಕಳು ಅದನ್ನು ಕೋಲಿನ ಮೇಲೆ ಹೊತ್ತು ಬಿಸಿಲಿಗೆ ಹಾಕುವುದು. ನೇಪಲ್ಸ್ ಹತ್ತಿರ ಗ್ರಾನ್ಯಾನೋ ಅಂತ ಊರಿದೆ. ಅಲ್ಲೂ ಹಿಂದೆ ಬೀದಿಯ ಎರಡೂ ಬದಿಗೆ ಕೋಲು ಕಟ್ಟಿ ಪಾಸ್ತಾ ಒಣಗಿಸುತ್ತಿದ್ದರು. ಸಮುದ್ರದ ಗಾಳಿ, ಬೆಟ್ಟದ ಗಾಳಿ ಎರಡೂ ಆ ಬೀದಿಯಲ್ಲಿ ಹಾಯುತ್ತವೆ. ಅಜ್ಜಿ ಆ ಕಾಲದ ಫೋಟೊ ತೋರಿಸಿದರು. ಬೀದಿ ತುಂಬ ಸೀರೆ ಒಣಹಾಕಿದ ಹಾಗೆ ಪಾಸ್ತಾ, ಕೆಳಗೆ ಬರಿಗಾಲಿನ ಹುಡುಗರು. ಇನ್ನೊಂದು ವಿಷಯ. ನಮ್ಮಲ್ಲಿ ಶಾವಿಗೆಗೆ, ಹುಗ್ಗಿಗೆ ಬಳಸುವ ಜವೆಗೋಧಿ, ಅಂದರೆ ಕಪ್ಲಿ ಗೋಧಿ ಇದೆಯಲ್ಲ, ಅದೇ ಗೋಧಿಯನ್ನು ಇಟಲಿಯವರು 'ಫಾರ್ರೋ' ಎಂದು ಕರೆದು ಅಂಗಡಿಯಲ್ಲಿ ಜಾಸ್ತಿ ಬೆಲೆಗೆ ಮಾರುತ್ತಾರೆ. ಅದನ್ನು ಕಂಡು ನಾನು ಒಂದು ಪೊಟ್ಟಣ ಕೊಂಡು ಹುಗ್ಗಿ ಮಾಡಿದೆ. ಬಾಣಂತಿಗೂ ಆಯಿತು, ಅಜ್ಜಿಗೂ ಆಯಿತು.

ಪಾಸ್ತಾವನ್ನು ಚೀನಾದಿಂದ ಮಾರ್ಕೊ ಪೋಲೊ ತಂದ ಅಂತ ಶಾಲೆಯಲ್ಲಿ ನಾವೆಲ್ಲ ಕೇಳಿದ್ದೆವು. ಅದು ಕಟ್ಟುಕತೆ. ಅವನು ವೆನಿಸ್‌ಗೆ ವಾಪಸ್ ಬಂದದ್ದು 1295ರಲ್ಲಿ. ಅದಕ್ಕೂ ಸುಮಾರು ನೂರನಲವತ್ತು ವರ್ಷ ಹಿಂದೆ, 1154ರಲ್ಲೇ, ಅಲ್ ಇದ್ರಿಸಿ ಎಂಬ ಭೂಗೋಳ ಪಂಡಿತ ಸಿಸಿಲಿಯ ತ್ರಾಬಿಯಾ ಊರಿನಲ್ಲಿ ಹಿಟ್ಟಿನ ಎಳೆ ಮಾಡಿ ಒಣಗಿಸಿ ಹಡಗು ತುಂಬಿ ಕಳಿಸುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಟೊಮೆಟೊ ಜೊತೆಯಾದದ್ದು ಬಹಳ ಈಚೆಗೆ. ಅಮೆರಿಕ ಖಂಡದಿಂದ ಬಂದ ಆ ಹಣ್ಣು ನೇಪಲ್ಸಿನ ಅಡುಗೆಮನೆಗಳಲ್ಲಿ ಪಾಸ್ತಾ ಜೊತೆ ಸೇರಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದಕ್ಕೂ ಮೊದಲು ಬರೀ ಚೀಸ್ ತುರಿದು, ಬೀದಿಯಲ್ಲಿ ನಿಂತು, ಕೈಯಲ್ಲೇ ಎತ್ತಿ ಬಾಯಿಗೆ ಇಳಿಬಿಟ್ಟುಕೊಂಡು ತಿನ್ನುತ್ತಿದ್ದರು. ಕೈಯಲ್ಲಿ! ಇದನ್ನು ಮೊಮ್ಮಗನಿಗೆ ಹೇಳಿ ತಪ್ಪು ಮಾಡಿದೆ. ಮೂರು ದಿನ ಅವನು ಫೋರ್ಕ್ ಮುಟ್ಟಲಿಲ್ಲ.

ಇನ್ನು ನನ್ನ ತಪ್ಪುಗಳ ಪಟ್ಟಿ ದೊಡ್ಡದಿದೆ, ಎರಡನ್ನು ಮಾತ್ರ ಹೇಳುತ್ತೇನೆ. ಪಾತ್ರೆಗೆ ಹಿಡಿಯಲಿಲ್ಲ ಅಂತ ಒಮ್ಮೆ ಸ್ಪಾಗೆಟ್ಟಿಯನ್ನು ಅರ್ಧಕ್ಕೆ ಲಟಕ್ ಅಂತ ಮುರಿದೆ. ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡರು, ಯಾರೋ ಹೋಗಿಬಿಟ್ಟ ಸುದ್ದಿ ಕೇಳಿದ ಹಾಗೆ. ಮುರಿದರೆ ಫೋರ್ಕಿಗೆ ಸುತ್ತಲು ಬರುವುದಿಲ್ಲ, ಸುತ್ತಲು ಬಾರದಿದ್ದರೆ ಅದು ಸ್ಪಾಗೆಟ್ಟಿಯೇ ಅಲ್ಲ ಅಂತ ಅವರ ವಾದ. ಮಜಾ ಅಂದರೆ ಎರಡೇ ದಿನ ಬಿಟ್ಟು, ಹುರುಳಿಕಾಯಿ ಬೀಜದ ಸೂಪಿಗೆ ಅವರೇ ಸ್ಪಾಗೆಟ್ಟಿ ಮುರಿಮುರಿದು ಹಾಕುತ್ತಿದ್ದರು. ಇದೇನು ಅಂದರೆ, ಸೂಪಿಗೆ ಬೇರೆ ಕಾನೂನು! ನೇಪಲ್ಸ್ ಕಡೆ ಅದು ಹಳೇ ರೂಢಿಯಂತೆ.

ಮುರಿಯುವ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ, ಮನೆಯಲ್ಲಿ ಮಕ್ಕಳಿದ್ದರೆ ಮಾಡಿ ನೋಡಿ. ಬೇಯಿಸದ ಒಂದು ಒಣ ಸ್ಪಾಗೆಟ್ಟಿ ಕಡ್ಡಿಯ ಎರಡು ತುದಿ ಹಿಡಿದು ಬಗ್ಗಿಸಿದರೆ ಅದು ಎರಡು ತುಂಡಾಗುವುದೇ ಅಪರೂಪ. ಮೂರಾಗುತ್ತದೆ, ನಾಲ್ಕಾಗುತ್ತದೆ. ನೊಬೆಲ್ ಪಡೆದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದು ಯಾಕೆ ಅಂತ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಕಡ್ಡಿ ಮುರಿದು ನೋಡಿಯೂ ಉತ್ತರ ಸಿಗದೆ ಬಿಟ್ಟರಂತೆ. 2005ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಉತ್ತರ ಕೊಟ್ಟರು. ಮೊದಲು ಒಂದು ಕಡೆ ಮುರಿದಾಗ ಉಳಿದ ಕಡ್ಡಿ ಸೆಟೆದು ನೆಟ್ಟಗಾಗಲು ಹೋಗುತ್ತದೆ, ಆ ಅಲೆ ಕಡ್ಡಿಯುದ್ದಕ್ಕೂ ಓಡಿ ಇನ್ನೊಂದು ಕಡೆ ಮುರಿಯುತ್ತದೆ. ಚೆನ್ನಾಗಿ ತಿರುಚಿ ಆಮೇಲೆ ಬಗ್ಗಿಸಿದರೆ ಎರಡೇ ತುಂಡಾಗುತ್ತದೆ ಅಂತ 2018ರಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿದ್ಯಾಸಂಸ್ಥೆಯವರು ತೋರಿಸಿದರು. ಈ ಪ್ರಯೋಗಕ್ಕೆ ಅಂತ ನಮ್ಮ ಮನೆಯಲ್ಲಿ ಅರ್ಧ ಕಿಲೋ ಹಾಳಾಯಿತು. ಮಗಳಿಂದ ಬೈಸಿಕೊಂಡದ್ದು ನಾನು.

ಎರಡನೇ ತಪ್ಪು ನಿಮ್ಮ ಪುರವಣಿಗೂ ಸಂಬಂಧಪಟ್ಟದ್ದು. ನಾವು ಶಾವಿಗೆ ಉಪ್ಪಿಟ್ಟಿಗೆ ಶಾವಿಗೆ ಬೇಯಿಸಿ, ಬಸಿದು, ಮೇಲೆ ತಣ್ಣೀರು ಹಾಕುತ್ತೇವಲ್ಲ, ಎಳೆ ಬಿಡಿಬಿಡಿಯಾಗಿ ಇರಲಿ ಅಂತ. ಅದೇ ಅಭ್ಯಾಸದಲ್ಲಿ ಸ್ಪಾಗೆಟ್ಟಿಯನ್ನೂ ನಲ್ಲಿ ಕೆಳಗೆ ಹಿಡಿದೆ. ನೋಡಲು ಚೆನ್ನಾಗಿತ್ತು, ಎಳೆ ಎಳೆ ಹೊಳೆಯುತ್ತಿತ್ತು. ಟೊಮೆಟೊ ಗೊಜ್ಜು ಹಾಕಿ ಕಲಸಿದರೆ ಅದು ಎಲ್ಲಾ ಜಾರಿ ತಟ್ಟೆಯ ತಳಕ್ಕೆ ಹೋಯಿತು. ಮೇಲೆ ಬಿಳೀ ದಾರ, ಕೆಳಗೆ ಕೆಂಪು ನೀರು. ಮೊಮ್ಮಗ ತಟ್ಟೆ ದೂಡಿದ. ಎಳೆಯ ಮೇಲಿನ ಗಂಜಿಯ ಅಂಟೇ ಗೊಜ್ಜನ್ನು ಹಿಡಿದಿಟ್ಟುಕೊಳ್ಳುವುದು, ಅದನ್ನೇ ನಾನು ತೊಳೆದು ಚೆಲ್ಲಿದ್ದೆ. ಅಜ್ಜಿ ಬೇಯಿಸಿದ ನೀರನ್ನೂ ಚೆಲ್ಲುತ್ತಿರಲಿಲ್ಲ. ಒಂದು ಸೌಟು ತೆಗೆದಿಟ್ಟು ಬಾಣಲೆಗೆ ಹಾಕುತ್ತಿದ್ದರು. ಎಣ್ಣೆ, ಟೊಮೆಟೊ, ಈ ಗಂಜಿ ನೀರು ಮೂರೂ ಕೂಡಿ ಗಟ್ಟಿಯಾಗಿ ಎಳೆಗೆ ಹತ್ತುತ್ತವೆ. ನಮ್ಮ ಕಟ್ಟಿನ ಸಾರಿನ ಬುದ್ಧಿಯೇ ಅಲ್ವಾ ಇದು? ಬೇಳೆ ಬೇಯಿಸಿದ ಕಟ್ಟು ಚೆಲ್ಲುವವರು ಯಾರಿದ್ದಾರೆ ನಮ್ಮಲ್ಲಿ?

ಅವರ ಟೊಮೆಟೊ ಗೊಜ್ಜಿನಲ್ಲೂ ಹೆಚ್ಚೇನಿಲ್ಲ. ಆಲಿವ್ ಎಣ್ಣೆಯಲ್ಲಿ ಜಜ್ಜಿದ ಒಂದು ಬೆಳ್ಳುಳ್ಳಿ ಎಸಳು, ಬಣ್ಣ ಬಂದ ಕೂಡಲೇ ತೆಗೆದು ಬಿಸಾಡುವುದು (ಇದು ನನಗೆ ಈಗಲೂ ಹೊಟ್ಟೆ ಉರಿ), ಟೊಮೆಟೊ, ಉಪ್ಪು, ಕೊನೆಗೆ ಕಾಮಕಸ್ತೂರಿ ಜಾತಿಯ ಒಂದು ಸೊಪ್ಪು. ಪಕ್ಕದ ಒಲೆಯಲ್ಲಿ ನೀರು ಕುದಿಯುವಷ್ಟರಲ್ಲಿ ಇದೂ ಆಯಿತು. ಟೊಮೆಟೊ ಕೂಡ ಇಲ್ಲದ ದಿನ ಬರೀ ಎಣ್ಣೆ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ. ರಾತ್ರಿ ತಡವಾಗಿ ಸ್ನೇಹಿತರು ಬಂದರೆ ಅಲ್ಲಿಯವರು ಮಾಡುವುದು ಇದನ್ನೇ. ಇದರ ಮೇಲೆ ಸ್ವಲ್ಪ ಮೆಂತ್ಯದ ಹಿಟ್ಟು ಉದುರಿಸಿಕೊಂಡು ನಾನು ಗುಟ್ಟಾಗಿ ತಿಂದದ್ದನ್ನು ಯಾರಿಗೂ ಹೇಳಬೇಡಿ.

ಪತ್ರ ಬರೆದ ಮಹನೀಯರಿಗೆ ಇನ್ನೊಂದು ಸಂಗತಿ ಹೇಳಬೇಕು. ಸ್ಪಾಗೆಟ್ಟಿಯನ್ನು ಬೈದವರಲ್ಲಿ ಅವರು ಮೊದಲಿಗರಲ್ಲ. ಅವರಿಗಿಂತ ಜೋರಾಗಿ ಬೈದವನು ಇಟಲಿಯವನೇ, ಮರಿನೆಟ್ಟಿ ಎಂಬ ಕವಿ. 1930ರ ಡಿಸೆಂಬರಿನಲ್ಲಿ, ಅದೂ ಇದೇ ಟೂರಿನ್ನಿನ ಒಂದು ದಿನಪತ್ರಿಕೆಯಲ್ಲಿ, ಪಾಸ್ತಾ ತಿಂದೇ ಇಟಲಿಯ ಜನ ಮೈಗಳ್ಳರಾಗಿದ್ದಾರೆ, ಅದನ್ನು ತೆಗೆದು ಹಾಕಬೇಕು ಅಂತ ದೊಡ್ಡ ಘೋಷಣೆ ಪ್ರಕಟಿಸಿದ. ಅದರ ಬದಲು ಏನು ತಿನ್ನಬೇಕಂತೆ ಗೊತ್ತಾ? ಅನ್ನ! ಟೂರಿನ್ ಪಕ್ಕದ ವೆರ್ಚೆಲ್ಲಿಯಲ್ಲಿ ನಮ್ಮ ಗಂಗಾವತಿ ಹಾಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಆಗಿನ ಸರ್ಕಾರಕ್ಕೂ ಹೊರಗಿನಿಂದ ಗೋಧಿ ತರಿಸುವುದು ತಪ್ಪಿದರೆ ಸಾಕಾಗಿತ್ತು. ಮರುವರ್ಷ, 1931ರಲ್ಲಿ, ಮರಿನೆಟ್ಟಿಯ ಕಡೆಯವರು ಟೂರಿನ್ನಿನಲ್ಲೇ ಹೊಸ ಕಾಲದ ಊಟದ ಹೋಟೆಲನ್ನೂ ತೆರೆದರು. ತಿನ್ನುವಾಗ ಒಂದು ಕೈಯಲ್ಲಿ ಮರಳುಕಾಗದ, ರೇಷ್ಮೆ ಸವರುತ್ತಾ ಇರಬೇಕು, ಹಿಂದೆ ವಿಮಾನದ ಸದ್ದು ಕೇಳಿಸಬೇಕು, ಹೀಗೆಲ್ಲ. ಅದೇ ಊರಿನಲ್ಲಿ ಇವತ್ತು ಒಬ್ಬ ಹುಡುಗ ಟ್ರಾಮಿನಿಂದ ಅಜ್ಜಿಗೆ ಪಾಸ್ತಾ ಹಾಕು ಅಂತ ಫೋನ್ ಮಾಡುತ್ತಾನೆ.

ಇಟಲಿ ಬಿಟ್ಟು ಹೊರಗೆ ಹೋದ ಮೇಲೂ ಅದು ಮನೆ ಊಟವಾಗಿಯೇ ಉಳಿಯಿತು. 1880ರಿಂದ ಮೊದಲ ಮಹಾಯುದ್ಧದವರೆಗೆ ಲಕ್ಷಗಟ್ಟಲೆ ಇಟಲಿಯವರು, ಬಹಳಷ್ಟು ದಕ್ಷಿಣದವರು, ಅಮೆರಿಕಕ್ಕೆ ವಲಸೆ ಹೋದರು. ಊರಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮಾಂಸ ಅಲ್ಲಿ ಅಗ್ಗವಾಗಿ ಸಿಕ್ಕಿತು. ಸ್ಪಾಗೆಟ್ಟಿ ಮೇಲೆ ದೊಡ್ಡ ದೊಡ್ಡ ಮಾಂಸದ ಉಂಡೆ ಕೂತದ್ದು ಹಾಗೆ. ಇಟಲಿಯಲ್ಲಿ ಅದನ್ನು ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ನಮ್ಮ ಅಳಿಯ ನನಗೆ ಹಳೆಯ ಜಾಹೀರಾತು ಒಂದನ್ನು ಫೋನಿನಲ್ಲಿ ತೋರಿಸಿದರು, 1969ರದ್ದು. ಬೋಸ್ಟನ್ನಿನ ನಾರ್ತ್ ಎಂಡ್ ಅನ್ನುವ ಇಟಾಲಿಯನ್ನರ ಓಣಿ. ತಾಯಿ ಕಿಟಕಿಯಿಂದ ಬಗ್ಗಿ 'ಆಂಟನೀ!' ಅಂತ ಕೂಗುತ್ತಾಳೆ. ಹುಡುಗ ಸಂತೆ ದಾಟಿ, ಸಂದಿ ದಾಟಿ ಓಡುತ್ತಾನೆ, ಓಡುತ್ತಲೇ ಇರುತ್ತಾನೆ. ಯಾಕೆಂದರೆ ಇವತ್ತು ಬುಧವಾರ, ಬುಧವಾರ ಪ್ರಿನ್ಸ್ ಸ್ಪಾಗೆಟ್ಟಿ ದಿನ. ಹತ್ತು ವರ್ಷಕ್ಕೂ ಜಾಸ್ತಿ ಅದು ಟಿವಿಯಲ್ಲಿ ಬಂತಂತೆ. ವಸ್ತು ಮಾರುವವರು ರುಚಿ ತೋರಿಸಲಿಲ್ಲ, ಬೆಲೆ ಹೇಳಲಿಲ್ಲ. ಊಟಕ್ಕೆ ಮನೆಗೆ ಓಡುವ ಹುಡುಗನನ್ನು ತೋರಿಸಿದರು, ಸಾಕಾಯಿತು. ನನಗೆ ನಮ್ಮ ಮಗ ನೆನಪಾದ. ಕತ್ತಲಾದರೂ ಮೈದಾನ ಬಿಡದ ಅವನನ್ನು ನಾನೂ ಹೀಗೇ ಕೂಗುತ್ತಿದ್ದೆ. ಈಗ ಕೂಗಿದರೆ ಕಿವಿಯಲ್ಲಿ ಇಯರ್‌ಫೋನ್.

ಇಂಗ್ಲೆಂಡಿನ ಕತೆ ಇನ್ನೂ ತಮಾಷೆ. 1957ರ ಏಪ್ರಿಲ್ 1ರಂದು ಬಿಬಿಸಿ ಟಿವಿಯವರು, ಸ್ವಿಟ್ಜರ್ಲೆಂಡಿನ ಒಂದು ಕುಟುಂಬ ಮರದಿಂದ ಸ್ಪಾಗೆಟ್ಟಿ ಕೊಯ್ಯುತ್ತಿದೆ ಅಂತ ಗಂಭೀರವಾಗಿ ತೋರಿಸಿದರು. ನಮಗೂ ಗಿಡ ಬೇಕು, ಹೇಗೆ ಬೆಳೆಸುವುದು ಅಂತ ಜನ ಫೋನ್ ಮಾಡಿದರು. ಆಗ ಅಲ್ಲಿ ಬಹಳ ಜನರಿಗೆ ಅದು ಡಬ್ಬಿಯಲ್ಲಿ ಬರುವ ಪರದೇಶದ ತಿಂಡಿ. ಇವತ್ತು ಅದೇ ದೇಶದಲ್ಲಿ 'ಸ್ಪಾಗ್ ಬೋಲ್', ಅಂದರೆ ಮಾಂಸದ ಗೊಜ್ಜು ಹಾಕಿದ ಸ್ಪಾಗೆಟ್ಟಿ ಬೊಲೊನೀಸ್, ಮನೆಮನೆಯ ವಾರದ ಊಟ. ಇಟಲಿಯ ಬೊಲೊನ್ಯಾ ಊರಿನವರಿಗೆ ಮಾತ್ರ ಈ ಹೆಸರು ಕೇಳಿದರೆ ಮೈ ಉರಿಯುತ್ತದೆ. ಅವರ ಮಾಂಸದ ಗೊಜ್ಜನ್ನು ತಿನ್ನುವುದು ಅಗಲ ಎಳೆಯ ತಾಲ್ಯಾತೆಲ್ಲೆ ಜೊತೆ, ಸ್ಪಾಗೆಟ್ಟಿ ಜೊತೆ ಅಲ್ಲ. 2019ರಲ್ಲಿ ಆ ಊರಿನ ಮೇಯರ್, ಸ್ಪಾಗೆಟ್ಟಿ ಬೊಲೊನೀಸ್ ಅನ್ನುವುದು ಇಲ್ಲವೇ ಇಲ್ಲ, ಎಲ್ಲೆಲ್ಲಿ ಹಾಗೆ ಮಾರುತ್ತಾರೋ ಫೋಟೊ ತೆಗೆದು ಕಳಿಸಿ ಅಂತ ಜನರನ್ನು ಕೇಳಿದ್ದರು. ಹೆಸರಿನ ವಿಷಯದಲ್ಲಿ ಮೇಯರ್ ಹೇಳಿದ್ದು ಸರಿ. ಆದರೆ ಮಂಗಳವಾರ ಸಂಜೆ ಆಫೀಸಿನಿಂದ ಬಂದು ಮೂವರು ಮಕ್ಕಳ ಹೊಟ್ಟೆ ತುಂಬಿಸಬೇಕಾದ ಲಂಡನ್ನಿನ ತಾಯಿಗೆ ಆ ಜಗಳ ಯಾಕೆ? ನಮ್ಮ ಬಿಸಿಬೇಳೆ ಬಾತಿಗೆ ಯಾರ ಮನೆಯಲ್ಲಿ ಏನೇನು ಹಾಕುತ್ತಾರೆ ಅಂತ ಲೆಕ್ಕ ಇಟ್ಟವರುಂಟೇ? ನನ್ನ ನಾದಿನಿ ಅದಕ್ಕೆ ಪನೀರ್ ಹಾಕುತ್ತಾಳೆ. ಅದನ್ನು ಕೂಡ ಸಹಿಸಿದ್ದೇನೆ.

ಪತ್ರದಲ್ಲಿ ಒಪ್ಪಬೇಕಾದ ಮಾತೂ ಇದ್ದವು. ನಮ್ಮ ಊರುಗಳ ಹೋಟೆಲುಗಳಲ್ಲಿ ಕೊಡುವ ಸ್ಪಾಗೆಟ್ಟಿ ನಾನೂ ತಿಂದಿದ್ದೇನೆ. ಸಿಹಿ ಸಾಸ್, ಮೇಲೆ ಒಂದು ಗುಡ್ಡ ಚೀಸ್, ಮೆತ್ತಗಾಗಿ ಕರಗಿಹೋದ ಎಳೆ, ಬಿಲ್ ನೋಡಿದರೆ ನಾಲ್ಕು ಜನರ ಥಾಲಿ ಊಟದಷ್ಟು. ಅದನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಪೊಟ್ಟಣದ ಹಿಂದೆ ಡ್ಯೂರಮ್ ರವೆ ಅಂತಿದೆಯೋ ಮೈದಾ ಅಂತಿದೆಯೋ ಓದದೆ ಕೊಳ್ಳುವುದನ್ನೂ ಬೈಯಿರಿ. ಬರೀ ಅದನ್ನೇ ಮೂರು ಹೊತ್ತು ತಿಂದರೆ ಮಕ್ಕಳಿಗೆ ಕಾಳು, ತರಕಾರಿ ಎಲ್ಲಿಂದ ಬರಬೇಕು ಅನ್ನುವುದೂ ಸರಿ. ಅಜ್ಜಿ ಕೂಡ ಸ್ಪಾಗೆಟ್ಟಿ ಆದ ಮೇಲೆ ಸೊಪ್ಪೋ ಕಾಳೋ ಎರಡನೇ ತಟ್ಟೆಯಲ್ಲಿ ಕೊಡುತ್ತಿದ್ದರು. ಮೊದಲ ತಟ್ಟೆ ಹೊಟ್ಟೆ ತುಂಬುವಷ್ಟಲ್ಲ, ಹಸಿವು ಅಡಗುವಷ್ಟು. ನನಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ನನ್ನ ಪಾಲು ಬೆರಳಿನ ಸಣ್ಣ ಉಂಗುರದಷ್ಟೇ, ಅದನ್ನೂ ಗಟ್ಟಿಯಾಗಿ ಬೇಯಿಸಿ ತಿನ್ನುತ್ತೇನೆ. ಹಲ್ಲಿಗೆ ಸಿಗುವ ಹಾಗೆ ಬೆಂದರೆ ಅಲ್ಲಿ 'ಅಲ್ ದೆಂತೆ' ಅನ್ನುತ್ತಾರೆ. ಪೂರ್ತಿ ಮೆತ್ತಗೆ ಬೇಯಿಸಿದ್ದಕ್ಕಿಂತ ಅದು ರಕ್ತಕ್ಕೆ ಸಕ್ಕರೆಯನ್ನು ನಿಧಾನ ಬಿಡುತ್ತದೆ.

ಊರಿಗೆ ಬಂದ ಮೇಲೆ ಪ್ರತಿ ಗುರುವಾರ ರಾತ್ರಿ ನಮ್ಮ ಮನೆಯಲ್ಲಿ ಸ್ಪಾಗೆಟ್ಟಿ. ಉಳಿದ ಆರು ದಿನ ರೊಟ್ಟಿ, ಅನ್ನ, ಎಂದಿನ ಹಾಗೆ. ಗುರುವಾರವೇ ಯಾಕೆ ಅಂದರೆ ಅವತ್ತು ಮಗನಿಗೆ ಆಫೀಸು ಬೇಗ ಬಿಡುತ್ತದೆ. ಯಜಮಾನರು ಮೊದಲ ಎರಡು ವಾರ ಮುಖ ಗಂಟುಹಾಕಿಕೊಂಡು, ಉಪ್ಪಿನಕಾಯಿ ನಂಜಿಕೊಂಡು ತಿಂದರು. ಮೂರನೇ ವಾರ ಎಂಟು ಗಂಟೆಗೇ ತಟ್ಟೆ ಮುಂದೆ ಕೂತು 'ಹಾಕು' ಅಂದರು. 'ಹಾಕೂದಿಲ್ರೀ, ಅವಾ ಬರ್ಲಿ' ಅಂದೆ. ಅನ್ನವಾಗಿದ್ದರೆ ಬಡಿಸಿಬಿಡುತ್ತಿದ್ದೆ. ಇದನ್ನು ಈಗ ಹಾಕಿದರೆ ಮಗ ಬರುವಷ್ಟರಲ್ಲಿ ಮುದ್ದೆ. ಅವರು ಗೊಣಗುತ್ತಾ ಟಿವಿ ಆರಿಸಿ, ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಸುಲಿಯುತ್ತಾ ನಿಂತರು. ಮದುವೆಯಾಗಿ 37 ವರ್ಷದಲ್ಲಿ ಅವರು ಬೆಳ್ಳುಳ್ಳಿ ಸುಲಿದದ್ದು ಅದೇ ಮೊದಲು. ಎರಡು ಎಸಳಿಗೆ ಕಾಲು ಗಂಟೆ ತೆಗೆದುಕೊಂಡರು, ಅದು ಬೇರೆ ಮಾತು. ಅಷ್ಟರಲ್ಲಿ ಫೋನ್ ಬಂತು. ಚಿಗರಿ ಬಸ್ಸಿನ ಸದ್ದಿನ ನಡುವೆ ಮಗ ಕೂಗಿದ: 'ಅವ್ವಾ, ಜುಬಿಲಿ ಸರ್ಕಲ್‌ನ್ಯಾಗ ಇಳದೀನಿ, ಹಾಕಿಬಿಡು!' ಅಲ್ಲಿಂದ ನಮ್ಮ ಮನೆಗೆ ನಡೆದರೆ ಒಂಬತ್ತಲ್ಲ, ಹನ್ನೊಂದು ನಿಮಿಷ. ಎರಡು ನಿಮಿಷ ತಡೆದು ಹಾಕಿದೆ.

ಈಗ ನಿಮ್ಮ ಪುರವಣಿಯ ವಿಷಯ. ಅದರಲ್ಲಿ ಬಂದ ವಿಧಾನದಲ್ಲಿ 'ಬೆಂದ ಸ್ಪಾಗೆಟ್ಟಿಯನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಎಣ್ಣೆ ಸವರಿ, ಬೇಕಾದಾಗ ಬಳಸಲು ಫ್ರಿಜ್ಜಿನಲ್ಲಿ ಇಡಿ' ಅಂತ ಇದೆ. ತಣ್ಣೀರಿನಲ್ಲಿ ತೊಳೆದು ಮೇಲೆ ಎಣ್ಣೆಯನ್ನೂ ಸವರಿದರೆ ಯಾವ ಗೊಜ್ಜೂ ಅದಕ್ಕೆ ಹತ್ತುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟು ಬೇಕಾದವರು ಬೇಕಾದಾಗ ತೆಗೆದು ತಿನ್ನಬೇಕು ಅಂದರೆ ಅದಕ್ಕೆ ಸ್ಪಾಗೆಟ್ಟಿಯೇ ಯಾಕೆ ಬೇಕು, ನಿನ್ನೆಯ ಚಿತ್ರಾನ್ನ ಸಾಕು. ದಯವಿಟ್ಟು ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ: ತೊಳೆಯಬೇಡಿ, ಬೇಯಿಸಿದ ನೀರು ಒಂದು ಸೌಟು ತೆಗೆದಿಡಿ, ಎಲ್ಲರೂ ಬಂದ ಮೇಲೆಯೇ ನೀರಿಗೆ ಹಾಕಿ. ಪತ್ರ ಉದ್ದವಾಯಿತು ಅಂತ ಗೊತ್ತು. ಕತ್ತರಿಸುವುದಾದರೆ ಫೈನ್‌ಮನ್ ಭಾಗ ಕತ್ತರಿಸಿ, ತಿದ್ದುಪಡಿಯ ಈ ಮೂರು ಮಾತು ಮಾತ್ರ ಮುಟ್ಟಬೇಡಿ.

ಇಂತಿ,
ನಿಮ್ಮ ಹಳೇ ಓದುಗರಲ್ಲಿ ಒಬ್ಬಳು,
ಧಾರವಾಡ